ಒಪ್ಪುವ ಬಣ್ಣ

ಕಳೆದ ಚಳಿಗಾಲ, ಎಳ್ಳಮಾವಾಸ್ಯೆ ಮುಗಿದ ವಾರ, ಜೇವರ್ಗಿಯ ಸಣ್ಣವ್ವನ ಮನೆಗೆ ಹೋಗಿದ್ದೆ. ಮರುದಿನ ಸಣ್ಣವ್ವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ತಂಗಿ ಪಡಸಾಲೆಯಲ್ಲಿ ಕನ್ನಡಿ ಮುಂದೆ ಕೂತಿದ್ದಳು. ಒಂದು ಕೈಯಲ್ಲಿ ಬಳೆ ಅಂಗಡಿಯಿಂದ ತಂದ ಹನ್ನೆರಡು ಬಣ್ಣದ ಐಶ್ಯಾಡೋ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಮುಖಕ್ಕೆ ಒಪ್ಪುವ ಐಶ್ಯಾಡೋ ಆರಿಸುವುದು ಹೇಗೆಂದು ಹೇಳುವ ಒಂದು ಬರಹ.

"ಅಕ್ಕಾ, ನನ್ನ ಕಣ್ಣಿನ ಬಣ್ಣ ಯಾವ್ದು?"

"ಕರಿ ಅದ. ಮತ್ತ್ಯಾವ್ದು ಇರ್ತದ?"

"ಇದ್ರಾಗ ಕರಿ ಇಲ್ಲೇ ಇಲ್ಲ. ನೀಲಿ, ಹಸರು, ಹೇಝಲ್, ಕಂದು, ಇಷ್ಟೇ ಅವ."

ಒಳಗೆ ಒಲೆ ಮುಂದೆ ಕೂತಿದ್ದ ಸಣ್ಣವ್ವ ಅಲ್ಲಿಂದಲೇ ಹೇಳಿದಳು: "ಯಾವ್ದರೆ ಹಚ್ಚು ತಾಯಿ. ಒಟ್ಟ ತುಸು ತಿಳಿ ಕಾಣೋಹಂಗ ಹಚ್ಚು."

ನಾನು ಸಂಶೋಧನಾ ವಿದ್ಯಾರ್ಥಿನಿ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬಯಲಾಟದ ಸ್ತ್ರೀಪಾತ್ರಗಳ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಕಾವ್ಯದಲ್ಲಿ ಹೆಣ್ಣಿನ ಕಣ್ಣನ್ನು ಹೇಗೆ ಬಣ್ಣಿಸಿದ್ದಾರೆ ಎಂದು ಕೇಳಿದರೆ ಒಂದು ತಾಸು ಮಾತಾಡಬಲ್ಲೆ. ಆದರೆ ನನ್ನ ತಂಗಿಯಂಥ ಹುಡುಗಿಯರು ದಿನಾ ಓದುವ ಈ ಗದ್ಯವನ್ನು, ಹೆಣ್ಣಿನ ಮುಖವನ್ನು ಇಷ್ಟು ವಿವರವಾಗಿ ಬಣ್ಣಿಸುವ ಈ ಬರವಣಿಗೆಯನ್ನು, ನಾನು ಯಾವತ್ತೂ ಪಠ್ಯವೆಂದು ಓದಿರಲಿಲ್ಲ. ಆ ರಾತ್ರಿ ಓದಿದೆ. ಅದರಂಥ ಇನ್ನಷ್ಟನ್ನು ಹುಡುಕಿ ಓದಿದೆ. ಎಲ್ಲಕ್ಕೂ ಒಂದೇ ಕಟ್ಟು. ಮೊದಲು ಕಣ್ಣಿನ ಬಣ್ಣ ನೋಡಿಕೊಳ್ಳಿ, ಆಮೇಲೆ ಮೈಬಣ್ಣ, ಕೊನೆಗೆ ಕಣ್ಣಿನ ಆಕಾರ. ಮೂರನ್ನೂ ಕೂಡಿಸಿದರೆ ನಿಮ್ಮ ಬಣ್ಣ ಸಿಗುತ್ತದೆ. ಲೆಕ್ಕ ನೋಡಲು ಸಲೀಸಾಗಿದೆ. ಆದರೆ ಜೇವರ್ಗಿಯ ಪಡಸಾಲೆಯಲ್ಲಿ ಮೂರು ಹೆಜ್ಜೆಯೂ ಎಡವುತ್ತವೆ.

ಮೊದಲ ಹೆಜ್ಜೆ ಕಣ್ಣಿನದು. ಕಣ್ಣಿನ ಬಣ್ಣಕ್ಕೆ ಎದುರಾದ ಬಣ್ಣವನ್ನು ರೆಪ್ಪೆಯ ಮೇಲೆ ಹಚ್ಚಿದರೆ ಕಣ್ಣು ಎದ್ದು ಕಾಣುತ್ತದೆ ಎಂಬುದು ಇಲ್ಲಿಯ ಸೂತ್ರ. ನೀಲಿ ಕಣ್ಣಿಗೆ ತಾಮ್ರ, ಕಿತ್ತಳೆ. ಹಸಿರು ಕಣ್ಣಿಗೆ ನೇರಳೆ. ಇದು ಸುಳ್ಳಲ್ಲ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲಿ ಇದನ್ನು ಒಂದು ದೊಡ್ಡ ಪುಸ್ತಕವಾಗಿಯೇ ಬರೆದ. ಕರಿ ನೂಲಿನ ಬಣ್ಣ ಸತ್ವವಿಲ್ಲದೆ ಮಂಕಾಗಿ ಕಾಣುತ್ತದೆ ಎಂದು ದೂರು ಬಂದಿತ್ತು. ನೂಲನ್ನು ಪರೀಕ್ಷಿಸಿದರೆ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದ ನೀಲಿ, ನೇರಳೆ ನೂಲುಗಳಿಂದ ಕರಿ ಹಾಗೆ ಕಾಣುತ್ತಿತ್ತು. ಯಾವ ಬಣ್ಣವೂ ಒಂಟಿಯಾಗಿ ಕಾಣುವುದಿಲ್ಲ, ನೆರೆಯ ಬಣ್ಣ ಅದನ್ನು ಬದಲಿಸುತ್ತದೆ ಎಂಬ ಅವನ ತಿಳಿವಳಿಕೆ ಮುಂದೆ ಚಿತ್ರಕಾರರಿಗೂ ಉಡುಪಿನವರಿಗೂ ದಾರಿಯಾಯಿತು.

ಈ ಸೂತ್ರ ನಮ್ಮ ಕಡೆಗೆ ಬಂದಾಗ ಏನಾಗುತ್ತದೆ? ಇಲ್ಲಿ ನೂರಕ್ಕೆ ನೂರು ಎನ್ನುವಷ್ಟು ಜನಕ್ಕೆ ದಟ್ಟ ಕಂದು ಕಣ್ಣು. ಅದನ್ನೇ ನಾವು ಕರಿ ಅನ್ನುತ್ತೇವೆ. ಕಂದು ಕಣ್ಣಿನವರ ಪಾಲಿಗೆ ಆ ಬರಹಗಳು ಹೇಳುವುದು ಒಂದೇ ಮಾತು: ನೀವು ಅದೃಷ್ಟವಂತರು, ನಿಮಗೆ ಎಲ್ಲ ಬಣ್ಣವೂ ಒಪ್ಪುತ್ತದೆ. ಕೇಳಲು ಹಿತವಾಗಿದೆ. ಆದರೆ ಇದು ವಿಚಾರ ಮಾಡಿ ಹೇಳಿದ್ದಲ್ಲ, ವಿಚಾರ ಬಿಟ್ಟುಕೊಟ್ಟು ಹೇಳಿದ್ದು. ನೀಲಿ ಕಣ್ಣಿಗೆ ನಾಲ್ಕು ಸಾಲಿನ ವಿವರ, ಹಸಿರಿಗೆ ನಾಲ್ಕು ಸಾಲು, ಜಗತ್ತಿನ ಬಹುಪಾಲು ಜನರ ಕಣ್ಣಿಗೆ ಒಂದು ಮೆಚ್ಚುಗೆಯ ಮಾತು. ಎಲ್ಲವೂ ಒಪ್ಪುತ್ತದೆ ಎಂದವರು ನನ್ನ ತಂಗಿಯ ಮುಖವನ್ನು ನೋಡಿಯೇ ಇಲ್ಲ. ಶೆವ್ರಲ್‌ನ ನಿಯಮವನ್ನು ಇಲ್ಲಿಗೆ ನಿಜವಾಗಿ ತರುವುದಾದರೆ ಕಣ್ಣಿನ ಪಾಪೆಯಿಂದಲ್ಲ, ಮೈಬಣ್ಣದಿಂದ ಶುರುಮಾಡಬೇಕು. ರೆಪ್ಪೆಯ ಮೇಲಿನ ಬಣ್ಣಕ್ಕೆ ನಮ್ಮಲ್ಲಿ ಹತ್ತಿರದ ನೆರೆ ಅದೇ.

ಎರಡನೆಯ ಹೆಜ್ಜೆ ಆ ಮೈಬಣ್ಣದ್ದೇ. ಮುಂಗೈಯ ನರ ನೀಲಿ ಕಂಡರೆ ನಿಮ್ಮದು ತಂಪು ಛಾಯೆ, ಹಸಿರು ಕಂಡರೆ ಬಿಸಿ ಛಾಯೆ ಎಂದು ಬರಹ ಹೇಳುತ್ತದೆ. ತಂಗಿ ಕೈ ಚಾಚಿ ಬಲ್ಬಿನ ಕೆಳಗೆ ಹಿಡಿದಳು. ನರವೇ ಕಾಣಲಿಲ್ಲ. ಮೈಬಣ್ಣ ದಟ್ಟವಾದಷ್ಟೂ ನರ ಕಾಣುವುದು ಕಡಿಮೆ. ತಿಳಿಚರ್ಮದ ಮೇಲೆ ಕಟ್ಟಿದ ಪರೀಕ್ಷೆ ಇದು. ಇದು ಗೆಲ್ಲದಿದ್ದಾಗ ಕನ್ನಡದ ಬರಹಗಳು ನಮ್ಮದೇ ಎನಿಸುವ ಒಂದು ಪದಕ್ಕೆ ಮೊರೆ ಹೋಗುತ್ತವೆ: ಗೋಧಿ ಬಣ್ಣ. ಗೋಧಿ ಬಣ್ಣದವರಿಗೆ ಇಂಥದು, ಕಪ್ಪು ಬಣ್ಣದವರಿಗೆ ಇಂಥದು.

ಈ ಪದದ ಚರಿತ್ರೆಯೇ ಒಂದು ಪ್ರಬಂಧ ಬೇಡುತ್ತದೆ. ಮದುವೆಯ ಬಯೋಡೇಟಾದಲ್ಲಿ ಇದೆ, ಕಾಣೆಯಾದವರ ಪ್ರಕಟಣೆಯಲ್ಲಿ ಇದೆ. 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರ ಆ ಪ್ರಕಟಣೆಯ ಮಾತನ್ನೇ ಹೆಸರಾಗಿಟ್ಟುಕೊಂಡಿತು. ಕಾಣೆಯಾದ ತಂದೆಯನ್ನು ಹುಡುಕುವ ಕತೆಗೆ ಆ ಹೆಸರು ತಕ್ಕದ್ದೇ. ಯಾರನ್ನೂ ಗುರುತಿಸಲಾಗದ ಗುರುತು ಅದು. ಆದರೆ ಕಲಬುರಗಿಯ ಹುಡುಗಿಯೊಬ್ಬಳು ಗೋಧಿ ಬಣ್ಣ ಎಂದು ಬರೆದುಕೊಳ್ಳುವುದರಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮದು ಜೋಳ ತಿನ್ನುವ ನಾಡು, ತೊಗರಿ ಬೆಳೆಯುವ ನಾಡು. ಗೋಧಿ ಇಲ್ಲಿ ಹಬ್ಬದ ದಿನದ ಕಾಳು, ಹುಗ್ಗಿಗೆ, ಹೋಳಿಗೆಗೆ. ದಿನಾ ತಿನ್ನುವುದು ಜೋಳ, ಹೇಳಿಕೊಳ್ಳುವುದು ಗೋಧಿ. ಮೈಬಣ್ಣದ ಮಾತಿನಲ್ಲೂ ನಾವು ಹಬ್ಬದ ಸೀರೆ ಉಟ್ಟುಕೊಂಡೇ ಹೊರಗೆ ಬರುತ್ತೇವೆ. ಹಾಗೆಂದು ನಮ್ಮಲ್ಲಿ ಬೇರೆ ಪದವಿಲ್ಲವೇ? ಎಣ್ಣೆಗೆಂಪು ಇದೆ, ಸಾದಗಪ್ಪು ಇದೆ. ಎಣ್ಣೆಗೆಂಪು ಎನ್ನುವಾಗ ಬಣ್ಣದ ಜೊತೆ ಮಿರುಗೂ ಬಂತು. ಮೇಕಪ್ ಕಲಿತವರು ಇವತ್ತು ಛಾಯೆ, ಹೊಳಪು ಎಂದು ಬಿಡಿಸಿ ಹೇಳುವ ಎರಡು ಗುಣ ಆ ಒಂದು ಪದದಲ್ಲಿವೆ. ಬರಹಗಾರರು ಅದನ್ನು ಎತ್ತಿಕೊಳ್ಳಲಿಲ್ಲ, ಅಷ್ಟೇ.

ಅದರ ಬದಲು ಎತ್ತಿಕೊಂಡದ್ದು ಋತುಗಳನ್ನು. ಕ್ಯಾರಲ್ ಜಾಕ್ಸನ್ ಎಂಬ ಅಮೆರಿಕದ ಲೇಖಕಿ 1980ರಲ್ಲಿ ಬರೆದ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕ ಹೆಂಗಸರನ್ನು ವಸಂತ, ಬೇಸಿಗೆ, ಶರತ್ತು, ಚಳಿ ಎಂದು ನಾಲ್ಕು ಋತುಗಳಾಗಿ ಹಂಚಿತು. ಅದರ ಮರಿ ಮೊಮ್ಮಕ್ಕಳು ಇವತ್ತು ಕನ್ನಡದಲ್ಲೂ ಓಡಾಡುತ್ತಿವೆ. ಕರಿ ಕೂದಲು, ಕರಿ ಕಣ್ಣಿನ ನಾವೆಲ್ಲ ಹೆಚ್ಚುಕಡಿಮೆ ಒಟ್ಟಾಗಿ ಬಂದು ಬೀಳುವುದು ಚಳಿಗಾಲಕ್ಕೆ. ಅಲ್ಲಿಯ ಚಳಿಗಾಲವೆಂದರೆ ಹಿಮ, ಎಲೆ ಉದುರಿದ ಮರ, ಬಿಳುಪು. ಆದರೆ ನಾನು ತಂಗಿಯ ಪಕ್ಕ ಕೂತು ಇದನ್ನು ಓದುತ್ತಿದ್ದದ್ದೂ ಚಳಿಗಾಲದಲ್ಲೇ. ಒಂದು ವಾರದ ಹಿಂದೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದಿದ್ದೆವು. ಹಸಿರು ಜೋಳ, ಹೂಬಿಟ್ಟ ಕಡಲೆಯ ತೆಳು ನೇರಳೆ, ನಡುನಡುವೆ ಕುಸುಬಿ. ಸೀತನಿ ಸುಡುವ ಹೊಗೆ. ನಮ್ಮ ವರ್ಷದಲ್ಲಿ ಅತಿ ಹೆಚ್ಚು ಬಣ್ಣವಿರುವ ಕಾಲ ಅದು. ನಾವು ಚಳಿಗಾಲದವರೇ ಆದರೆ ಈ ಚಳಿಗಾಲದವರು. ಆ ಕುಸುಬಿಯ ಹೂವಿನಿಂದಲೇ ಜಪಾನಿನಲ್ಲಿ ನೂರಾರು ವರ್ಷಗಳಿಂದ 'ಬೆನಿ' ಎಂಬ ತುಟಿಯ ಕೆಂಪನ್ನು ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಎಣ್ಣೆಗೆ ಮಾತ್ರ ನೆನಪಾಗುತ್ತದೆ.

ಮೂರನೆಯ ಹೆಜ್ಜೆ ಆಕಾರದ್ದು. ಇಲ್ಲಿ ಬರಹದ ದನಿಯೇ ಬದಲಾಗುತ್ತದೆ. ಅಲ್ಲಿಯತನಕ ಹೊಗಳುತ್ತಿದ್ದದ್ದು ಈಗ ತಿದ್ದಲು ಕೂರುತ್ತದೆ. ಕಣ್ಣು ಸಣ್ಣದಿದ್ದರೆ ದೊಡ್ಡದು ಕಾಣಿಸಲು, ಒಳಗೆ ಹೋಗಿದ್ದರೆ ಹೊರಗೆ ತರಲು, ಹತ್ತಿರವಿದ್ದರೆ ದೂರ ಮಾಡಲು, ರೆಪ್ಪೆ ಜೋತಿದ್ದರೆ ಎತ್ತಲು. ಎಲ್ಲೋ ಒಂದು ಸರಿಯಾದ ಕಣ್ಣು ಇದೆ, ಉಳಿದವೆಲ್ಲ ಅದರ ತಪ್ಪು ಪ್ರತಿಗಳು ಎಂಬಂತೆ. ಕನ್ನಡದಲ್ಲಿ ಕಾಡಿಗೆಗೆ ಒಂದು ಚಂದದ ಕ್ರಿಯಾಪದವಿದೆ, ತೀಡುವುದು. ತೀಡುವುದೆಂದರೆ ಇದ್ದ ಗೆರೆಯ ಮೇಲೆಯೇ ಬೆರಳಾಡಿಸುವುದು. ತಿದ್ದುವುದು ಬೇರೆ, ಅದು ಮಾಸ್ತರರ ಕೆಂಪು ಶಾಯಿಯ ಕೆಲಸ. ಈ ಬರಹಗಳಲ್ಲಿ ತೀಡುವುದು ಹೋಗಿ ತಿದ್ದುವುದು ಬಂದಿದೆ.

ಇಷ್ಟು ಹೇಳಿ, ತಪ್ಪೆಲ್ಲ ಹೊರಗಿನಿಂದ ಬಂದದ್ದು ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಕಾವ್ಯಗಳ ನಖಶಿಖ ವರ್ಣನೆಯಲ್ಲಿ ಕಣ್ಣು ಮೀನು, ಜಿಂಕೆ, ನೈದಿಲೆ, ಕಮಲ. ಅಲ್ಲಿ ಕಣ್ಣಿನ ಚಲನೆಗೂ ಅರಳುವಿಕೆಗೂ ಬೆಲೆ ಇತ್ತು ಎಂಬುದು ನಿಜ. ಆದರೆ ಅಲ್ಲೂ ಒಂದು ಅಚ್ಚು ಇತ್ತು. ಸಾಮುದ್ರಿಕ ಶಾಸ್ತ್ರ ಹೆಣ್ಣಿನ ಅಂಗಾಂಗ ನೋಡಿ ಅವಳ ಭಾಗ್ಯವನ್ನೇ ಹೇಳಿಬಿಡುತ್ತಿತ್ತು. ಇನ್ನು ನಮ್ಮ ಆಡುಮಾತು. "ಕಪ್ಪಿದ್ರೂ ಲಕ್ಷಣ ಅದಾಳ" ಎಂಬುದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಹೊಗಳಿಕೆ. ಆ 'ರೂ' ಎಂಬ ಒಂದು ಅಕ್ಷರ ಮಾಡುವ ಕೆಲಸವನ್ನು ಯಾವ ಕ್ರೀಮೂ ಮಾಡಿಲ್ಲ. 1975ರಲ್ಲಿ ಬಂದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ಬಿಳುಪನ್ನು ತೆಗೆದು ಗ್ಲೋ ಎಂದು ಹಾಕಿಕೊಂಡಿತು. ನಮ್ಮ ವಾಕ್ಯದಿಂದ 'ರೂ' ಇನ್ನೂ ಹೋಗಿಲ್ಲ.

ಇದೇ ಜನ ಹೊಲ ಕೊಳ್ಳಲು ಹೋದರೆ ಮಾತು ತಿರುಗಿಬೀಳುತ್ತದೆ. ಮಸಾರಿಯೋ ಎರಿಯೋ ಎಂದು ಮೊದಲು ಕೇಳುತ್ತಾರೆ. ಎರಿ ಎಂದರೆ ಕಣ್ಣರಳುತ್ತದೆ. ಒಂದು ಹಿಡಿ ಮಣ್ಣು ಎತ್ತಿ ಎಷ್ಟು ಕರಿ ಇದೆ ನೋಡುತ್ತಾರೆ. ಕರಿ ಇದ್ದಷ್ಟೂ ನೀರು ಹಿಡಿಯುತ್ತದೆ, ಹಿಂಗಾರಿ ಜೋಳ ಬರುತ್ತದೆ. ಭೀಮೆಯ ದಂಡೆಗುಂಟ ಅಫಜಲಪುರ, ಜೇವರ್ಗಿಯ ಎರಿ ಹೊಲಗಳನ್ನು ಯಾರೂ "ಕಪ್ಪಿದ್ರೂ ಛಲೋ ಅದ" ಎನ್ನುವುದಿಲ್ಲ. ಕಪ್ಪು ಅದ, ಅದಕ್ಕೇ ಛಲೋ ಅದ. ಮಣ್ಣಿಗೆ ಒಂದು ವ್ಯಾಕರಣ, ಮಗಳಿಗೆ ಒಂದು ವ್ಯಾಕರಣ.

ನಮ್ಮಲ್ಲಿ ಬಣ್ಣವನ್ನು ಬೇರೆ ರೀತಿ ಆರಿಸುವ ಒಂದು ಜಾಗ ಇತ್ತು, ಬಯಲಾಟದ ಬಣ್ಣದ ಮನೆ. ನನ್ನ ಸಂಶೋಧನೆಗಾಗಿ ಅಫಜಲಪುರ ತಾಲೂಕಿನ ಹಿರಿಯ ಕಲಾವಿದರೊಬ್ಬರ ಜೊತೆ ಹಲವು ದಿನ ಕೂತಿದ್ದೆ. ಅವರು ಹರೆಯದಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದವರು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ಇಷ್ಟರಲ್ಲೇ ಎಲ್ಲ ಮುಖಗಳೂ ಹುಟ್ಟುತ್ತಿದ್ದವಂತೆ. "ಛಂದ ಕಾಣ್ಲಿ ಅಂತ ಹಚ್ಕೋತಿದ್ರೇನ್ರಿ?" ಎಂದು ಕೇಳಿದ್ದೆ. ಅವರು ನಕ್ಕರು. "ಛಂದ ಕಾಣ್ಲಿ ಅಂತಲ್ಲವ್ವಾ, ಹಿಂದ ಕುಂತಾಂವಗ ಕಾಣ್ಲಿ ಅಂತ" ಎಂದರು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ಕಟ್ಟೆಯ ಕೊನೆಯಲ್ಲಿ ಕಂಬಳಿ ಹೊದ್ದು ಕೂತವನಿಗೆ ಕಣ್ಣು ಮುಟ್ಟಬೇಕು. ಅದಕ್ಕೆ ಕಾಡಿಗೆ ಕಿವಿಯ ಕಡೆ ಎಳೆಯುವುದು, ರೆಪ್ಪೆಗೆ ಕೆಂಪು ಹಾಕುವುದು. ನಾಟ್ಯಶಾಸ್ತ್ರವೂ ಆಹಾರ್ಯದ ಭಾಗದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು ಎಂದು ನಾಲ್ಕು ಮೂಲ ಬಣ್ಣ ಹೇಳಿ, ಬೆರೆಸುವುದನ್ನು ಹೇಳಿ, ಯಾವ ಪಾತ್ರಕ್ಕೆ ಯಾವ ಬಣ್ಣ ಎಂದು ವಿವರಿಸುತ್ತದೆ. ಅಲ್ಲಿ ಪ್ರಶ್ನೆ ಯಾವುದು ಒಪ್ಪುತ್ತದೆ ಎನ್ನುವುದಲ್ಲ, ಏನನ್ನು ಹೇಳಬೇಕು ಎನ್ನುವುದು. ಹಳೆಯದನ್ನೆಲ್ಲ ಹೊಗಳಲು ಇದನ್ನು ಹೇಳುತ್ತಿಲ್ಲ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ, ಆಳಂದದ ಉರುಸಿನಲ್ಲಿ ಹರಡಿಟ್ಟು ಮಾರುವ ಸುರ್ಮಾದಂಥವುಗಳಲ್ಲಿ ಸೀಸ ಇರಬಹುದು. ಸುರಕ್ಷತೆಯ ಮಾತಿನಲ್ಲಿ ಇಂದಿನ ಪರೀಕ್ಷಿಸಿದ ಡಬ್ಬಿಯೇ ಮೇಲು. ಬಣ್ಣದ ಮನೆಯಿಂದ ತರಬೇಕಾದದ್ದು ಪುಡಿಯನ್ನಲ್ಲ, ಪ್ರಶ್ನೆಯನ್ನು.

ಆ ಪ್ರಶ್ನೆಯ ಜೊತೆ ನನಗೆ ನೆನಪಾಗುವವಳು ಸೈರಂಧ್ರಿ. ಕುಮಾರವ್ಯಾಸನ ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂದು ಕನ್ನಡ ನಾಡಿನ ಹಳ್ಳಿಗಳಲ್ಲಿ ನಂಬಿಕೆ. ಮಳೆಗಾಗಿ ಮುಗಿಲು ನೋಡುವ ನಮ್ಮಂಥ ಸೀಮೆಯವರಿಗೆ ಅದು ಹತ್ತಿರದ ಪರ್ವ. ಅದರ ನಡುವೆ ನಿಂತಿರುವ ಹೆಣ್ಣು ಏನು ಕೆಲಸ ಮಾಡುತ್ತಾಳೆ? ರಾಣಿ ಸುದೇಷ್ಣೆಗೆ ತಲೆ ಬಾಚುತ್ತಾಳೆ, ಗಂಧ ತೇಯುತ್ತಾಳೆ, ಮಾಲೆ ಕಟ್ಟುತ್ತಾಳೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಬ್ಯೂಟಿಷಿಯನ್. ಅವಳ ಮೈ ಕಪ್ಪು, ಹೆಸರೇ ಕೃಷ್ಣೆ. ಅವಳನ್ನು ಕಂಡ ಕೂಡಲೇ ರಾಣಿಗೆ ಹೆದರಿಕೆಯಾಗುತ್ತದೆ, ಇವಳ ಚೆಲುವಿಗೆ ನನ್ನ ಗಂಡನ ಮನಸ್ಸು ತಿರುಗಿದರೆ ಏನು ಗತಿ ಎಂದು. ವ್ಯಾಸಭಾರತದಲ್ಲಿ ಅವಳು ವೇಷ ಮರೆಸಿಕೊಳ್ಳಲು ಮಾಸಿದ ಕರಿ ಬಟ್ಟೆ ಉಟ್ಟುಕೊಳ್ಳುತ್ತಾಳೆ. ಮುಡಿ ಕಟ್ಟುವುದಿಲ್ಲವೆಂದು ಶಪಥ ಮಾಡಿದವಳೆಂದು ನಮ್ಮ ಕಾವ್ಯಗಳು ಹೇಳುವ ಹೆಣ್ಣು ಇನ್ನೊಬ್ಬಳ ಮುಡಿ ಕಟ್ಟುತ್ತ ವರ್ಷ ಕಳೆಯುತ್ತಾಳೆ. ಅಷ್ಟಾದರೂ ಕೀಚಕನ ಕಣ್ಣು ತಪ್ಪುವುದಿಲ್ಲ.

ಈ ಕತೆಯನ್ನು ಎಷ್ಟೋ ಸಲ ಓದಿದ್ದೆ. ಅದು ನೋಟದ ಕತೆ ಎಂದು ಹೊಳೆದದ್ದು ಆ ರಾತ್ರಿ. ಬಣ್ಣದ ವಿದ್ಯೆ ಇರುವುದು ಸೈರಂಧ್ರಿಯ ಕೈಯಲ್ಲಿ, ತನ್ನ ಮೇಲೆ ಬೀಳುವ ನೋಟದ ಮೇಲೆ ಅವಳಿಗೆ ಅಧಿಕಾರವಿಲ್ಲ. ಚೆಲುವಾಗಿ ಕಾಣುವುದೂ ಕಾಣದಿರುವುದೂ ಅವಳ ಆಯ್ಕೆಯಾಗಿ ಉಳಿಯುವುದಿಲ್ಲ. ನಮ್ಮ ತಾಲೂಕು ಊರುಗಳಲ್ಲಿ ಮನೆಯ ಮುಂದಿನ ಒಂದು ಖೋಲಿಯಲ್ಲಿ ಪಾರ್ಲರ್ ನಡೆಸುವ ಹೆಂಗಸರು ಈ ಸೈರಂಧ್ರಿಯ ಮೊಮ್ಮಕ್ಕಳು. ಅವರಿಗೆ ನಮ್ಮ ಮುಖಗಳು ಗೊತ್ತು. ಆಳಂದದಲ್ಲಿ ನಾನು ಹೋಗುವ ಪಾರ್ಲರಿನ ಅಕ್ಕ ಒಮ್ಮೆ ಹೇಳಿದ್ದಳು: "ಟ್ಯೂಬ್‌ಲೈಟ್ ಕೆಳಗ ನೋಡಿ ತಗೋಬ್ಯಾಡವಾ, ಹಚ್ಕೊಂಡು ಅಂಗಳಕ್ಕ ಹೋಗಿ ನೋಡು." ಮೊಬೈಲಿನಲ್ಲಿ ಓದಿದ ಯಾವ ಬರಹದಲ್ಲೂ ಇಷ್ಟು ಕೆಲಸಕ್ಕೆ ಬರುವ ವಾಕ್ಯ ನನಗೆ ಸಿಕ್ಕಿಲ್ಲ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಬಣ್ಣವೂ ಬೇರೆ, ಅದು ನಿಲ್ಲುವ ಹೊತ್ತೂ ಬೇರೆ.

ಹಾಗಾದರೆ ಆರಿಸುವುದು ಹೇಗೆ? ಟೀಕೆ ಮಾಡಿ ಎದ್ದುಹೋಗುವುದು ಸುಲಭ, ತಂಗಿ ಕನ್ನಡಿ ಮುಂದೆಯೇ ಕೂತಿರುತ್ತಾಳೆ. ಡಬ್ಬಿಯೊಳಗಿನ ವಸ್ತುವಿನಿಂದ ಶುರುಮಾಡೋಣ. ಐಶ್ಯಾಡೋದ ಕಂದು, ಕೆಂಪು, ಹಳದಿಗಳು ಬಹುಪಾಲು ಕಬ್ಬಿಣದ ಆಕ್ಸೈಡುಗಳು. ಅಂದರೆ ನಮ್ಮ ಹೊಸ್ತಿಲಿಗೆ, ಗೋಡೆಗೆ ಬಳಿಯುವ ಹುರಮಂಜಿನ ಬಂಧುಗಳೇ. ಹೊಳಪು ಬರುವುದು ಅಭ್ರಕದಿಂದ. ಅದು ಬರುವ ಜಾರ್ಖಂಡ್, ಬಿಹಾರದ ಗಣಿಗಳಲ್ಲಿ ಮಕ್ಕಳು ಕೆಲಸ ಮಾಡುವ ಸುದ್ದಿಗಳನ್ನು ನಾವು ಓದಿದ್ದೇವೆ. ಬಣ್ಣವನ್ನು ತಿಳಿಯಾಗಿಸಲು ಬಿಳಿ ಪುಡಿ ಬೆರೆಸುತ್ತಾರೆ, ಟೈಟಾನಿಯಂ ಡೈಆಕ್ಸೈಡ್. ದಟ್ಟ ಮೈಬಣ್ಣದ ಮೇಲೆ ತೊಂದರೆ ಕೊಡುವುದು ಈ ಬಿಳಿಯೇ. ತೆಳು ಗುಲಾಬಿ, ತೆಳು ನೀಲಿ, ಪೀಚು, ಇವು ಡಬ್ಬಿಯಲ್ಲಿ ಮುದ್ದಾಗಿ ಕಂಡು ರೆಪ್ಪೆಯ ಮೇಲೆ ವಿಭೂತಿಯಂತೆ ಬೂದುಬಣ್ಣಕ್ಕೆ ತಿರುಗುತ್ತವೆ. ಅದು ಮುಖದ ದೋಷವಲ್ಲ, ಬೆರಕೆಯ ದೋಷ. ಬಿಳಿ ಕಡಿಮೆ ಇರುವ, ತುಂಬಿದ ಬಣ್ಣಗಳು, ತಾಮ್ರ, ಹಳೆಬಂಗಾರ, ಬದನೆ, ನವಿಲುಹಸಿರು, ಕಡುನೀಲಿ, ಇವು ಕರಿ ಮೈಯ ಮೇಲೆ ದೀಪದಂತೆ ಹೊತ್ತಿಕೊಳ್ಳುತ್ತವೆ.

ಇದನ್ನು ಕಲಿಯಲು ನಾನು ಶೆವ್ರಲ್ ತನಕ ಹೋಗಬೇಕಿರಲಿಲ್ಲ. ಅಫಜಲಪುರ ತಾಲೂಕಿನ ನನ್ನ ಆಯಿಯ ಪೆಟ್ಟಿಗೆ ತೆರೆದಿದ್ದರೆ ಸಾಕಿತ್ತು. ಆಯಿ ಕಪ್ಪು. ಅವಳ ಇಳಕಲ್ ಸೀರೆಗಳಲ್ಲಿ ಒಂದೂ ತೆಳು ಬಣ್ಣದ್ದಿಲ್ಲ. ಕಡುಹಸಿರು ಮೈಗೆ ಕೆಂಪು ದಡಿ, ಕರಿ ಮೈಗೆ ಕೆಂಪು ಸೆರಗು. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಆ ನೇಯ್ಗೆಯಲ್ಲಿ ಎರಡು ತುಂಬಿದ ಬಣ್ಣ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಘತ್ತರಗಿ ಭಾಗ್ಯವಂತಿಯ ಜಾತ್ರೆಯಲ್ಲಿ ಕುಂಕುಮದ ಗುಡ್ಡೆಗಳ ಮುಂದೆ ನಿಂತು ಅವಳು ಒಂದು ಚಿಟಿಕೆ ತೆಗೆದು ಮುಂಗೈ ಮೇಲೆ ತಿಕ್ಕಿ, ಬಿಸಿಲಿಗೆ ಹಿಡಿದು, ತಲೆ ಅಲ್ಲಾಡಿಸಿ ಮುಂದಿನ ಅಂಗಡಿಗೆ ಹೋಗುತ್ತಿದ್ದಳು. ಕಲಬುರಗಿಯ ಮಾತಿನಲ್ಲೇ ಬರೆದ 'ಬದುಕು' ಕಾದಂಬರಿಗೆ ಗೀತಾ ನಾಗಭೂಷಣರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಹೆಂಗಸರ ಮಾತಿಗೆ ಒಂದು ದೊಡ್ಡ ಕಾದಂಬರಿಯನ್ನು ಹೊರುವ ಶಕ್ತಿ ಇದ್ದರೆ, ರೆಪ್ಪೆಗೆ ಯಾವ ಬಣ್ಣ ಎಂದು ಹೇಳುವ ಶಕ್ತಿಯೂ ಇದೆ. ನಮ್ಮ ಸೌಂದರ್ಯದ ಬರಹಗಳು ಇನ್ನೂ ಆ ಕಡೆ ಕಿವಿ ಕೊಟ್ಟಿಲ್ಲ. ಭಾರತದ ಮೊದಲ ದೊಡ್ಡ ಪ್ರಸಾಧನ ಕಂಪನಿಗೆ 1952ರಲ್ಲಿ ಲಕ್ಷ್ಮಿಯ ಹೆಸರನ್ನು ಇಟ್ಟದ್ದು ಕೂಡ ಒಂದು ಫ್ರೆಂಚ್ ಸಂಗೀತನಾಟಕದ ಮೂಲಕ ಲ್ಯಾಕ್ಮೆ ಎಂದು. ನಮ್ಮ ಲಕ್ಷ್ಮಿ ಪ್ಯಾರಿಸ್ಸಿಗೆ ಹೋಗಿ ಬಂದಮೇಲೆಯೇ ನಮಗೆ ಚೆಲುವೆಯಾಗಿ ಕಂಡಳು.

ಮತ್ತೆ ಆ 'ಒಪ್ಪು' ಎಂಬ ಪದ. ಬರಹದ ತಲೆಬರಹದಲ್ಲೇ ಅದಿತ್ತು. ಕನ್ನಡದಲ್ಲಿ ಒಪ್ಪುವುದೆಂದರೆ ಹೊಂದುವುದು, ಸೊಗಸಾಗಿ ಕಾಣುವುದು; ಒಪ್ಪುವುದೆಂದರೆ ಸಮ್ಮತಿಸುವುದು ಕೂಡ. ಬಣ್ಣ ನಿನಗೆ ಒಪ್ಪುತ್ತದೆ ಎನ್ನುವಾಗ ಒಪ್ಪುವ ಕೆಲಸ ಬಣ್ಣದ್ದು. ಹುಡುಗಿ ನಮಗೆ ಒಪ್ಪಿಗೆ ಎನ್ನುವಾಗ ಒಪ್ಪುವವರು ಗಂಡಿನ ಕಡೆಯವರು. ಎರಡು ವಾಕ್ಯದಲ್ಲೂ ಹುಡುಗಿಗೆ ಒಪ್ಪುವ ಸರದಿ ಬರುವುದಿಲ್ಲ. ಐಶ್ಯಾಡೋದ ಈ ಬರಹಗಳ ಮೇಲೆ ನನ್ನ ಮುಖ್ಯ ದೂರು ಅವು ವಿದೇಶಿ ಎನ್ನುವುದಲ್ಲ, ಕ್ಷುಲ್ಲಕ ಎನ್ನುವುದಂತೂ ಅಲ್ಲ. ಹನ್ನೆರಡು ಬಣ್ಣದ ಡಬ್ಬಿಯನ್ನು ಮುಂದಿಟ್ಟು ಆರಿಸಿಕೋ ಎನ್ನುತ್ತಲೇ, ನಿನಗೆ ಯಾವುದು ಇಷ್ಟ ಎಂಬ ಒಂದು ಪ್ರಶ್ನೆಯನ್ನು ಅವು ಬಿಟ್ಟುಬಿಡುತ್ತವೆ. ಆಯ್ಕೆಯ ಹೆಸರಿನಲ್ಲಿ ಇನ್ನೊಂದು ಸುತ್ತು ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತದೆ, ಈ ಸಲ ಕನ್ನಡಿಯ ಮುಂದೆ, ನಮ್ಮ ಕೈಯಿಂದಲೇ.

ಇದನ್ನೆಲ್ಲ ಬರೆಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಮರುದಿನ ಬೆಳಿಗ್ಗೆ ತಂಗಿ "ನೀನೇ ಹಚ್ಚು ಅಕ್ಕಾ" ಎಂದು ಕಣ್ಣು ಮುಚ್ಚಿ ಮುಖ ಒಡ್ಡಿದಾಗ ನನ್ನ ಬೆರಳು ಹೋದದ್ದು ಪೀಚಿನ ಕಡೆಗೆ. ಸಣ್ಣವ್ವನ ಮಾತು ಕಿವಿಯಲ್ಲಿತ್ತು. ರಾತ್ರಿಯಿಡೀ ಓದಿ ಟಿಪ್ಪಣಿ ಮಾಡಿಕೊಂಡ ವಿಮರ್ಶಕಿ ಆ ಹೊತ್ತಿಗೆ ಎಲ್ಲಿ ಹೋಗಿದ್ದಳೋ. ತಂಗಿ ಕಣ್ಣು ತೆರೆದು ಕನ್ನಡಿ ನೋಡಿದಳು. "ಬೂದಿ ಹಚ್ಚಿದಂಗ ಆಗ್ಯಾದಲ್ಲಕ್ಕಾ" ಎಂದಳು. ಎದ್ದು ಮುಖ ತೊಳೆದುಕೊಂಡು ಬಂದಳು. ತಾನೇ ಡಬ್ಬಿ ತೆಗೆದು, ಅಂಗಳದ ಬೆಳಕಿಗೆ ಹೋಗಿ, ಬದನೆ ಬಣ್ಣವನ್ನು ರೆಪ್ಪೆಯ ಅಂಚಿಗಷ್ಟೇ ಹಚ್ಚಿ, ಮೇಲೆ ಬೆರಳ ತುದಿಯಿಂದ ತುಸು ತಾಮ್ರ ಒರೆಸಿ, ಕಾಡಿಗೆ ತೀಡಿಕೊಂಡಳು. ಸಣ್ಣವ್ವ ನೋಡಿದಳು, ಏನೂ ಅನ್ನಲಿಲ್ಲ.

ಬಂದವರು ಉಪ್ಪಿಟ್ಟು ತಿಂದು ಚಹಾ ಕುಡಿದು ಹೋದರು. ಮೂರು ದಿನಕ್ಕೆ ಫೋನು ಬಂತು, ಒಪ್ಪಿಗೆ ಅದ ಎಂದು. ಸಣ್ಣವ್ವ ನನಗೆ ಫೋನು ಮಾಡಿ ಸುದ್ದಿ ಹೇಳಿದಳು, ದನಿಯಲ್ಲಿ ಅಳುವೂ ನಗುವೂ. ತಂಗಿಗೆ ಕೊಡು ಎಂದೆ. "ನೀ ಏನಂದಿ?" ಎಂದು ಅವಳನ್ನು ಕೇಳಿದೆ.

"ನನಗ ಇನ್ನಾ ಯಾರೂ ಕೇಳಿಲ್ಲಕ್ಕಾ. ನೀ ಈಗ ಕೇಳ್ಲತ್ತಿ" ಎಂದಳು. ಮತ್ತೆ ತುಸು ಸುಮ್ಮನಿದ್ದು, "ಅಂವನ ಕೂಡ ಒಂದೀಟು ಮಾತಾಡಿ ಹೇಳ್ತೀನಂತ ಅಪ್ಪಗ ಹೇಳಬೇಕಂತ ಮಾಡೀನಿ" ಎಂದಳು.

ಅವಳು ಹೇಳಿದಳು. ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಮಾತಾಡಿಸಿದರು. ಆಮೇಲಿನ ಕತೆ ಅವಳದು, ಇಲ್ಲಿ ಬರೆಯುವುದು ಸರಿಯಲ್ಲ. ಯುಗಾದಿಗೆ ಜೇವರ್ಗಿಗೆ ಹೋದಾಗ ಆ ಡಬ್ಬಿಯನ್ನು ತೆರೆದು ನೋಡಿದೆ. ಬದನೆ ಬಣ್ಣದ ತಳ ಕಾಣುತ್ತಿತ್ತು, ತಾಮ್ರ ಅರ್ಧ ಖರ್ಚಾಗಿತ್ತು. ಪೀಚಿನ ಮೇಲೆ ನನ್ನ ಬೆರಳಿನ ಗುರುತು ಹಾಗೇ ಉಳಿದಿತ್ತು.